51 ಅಂದ್ರೆ ಯಾವ ಲೆಕ್ಕಕ್ಕೂ ಇಲ್ವಾ?

ಕೌಶಲ್ಯ ತರಬೇತಿ ಅಂತ ಊರೆಲ್ಲಾ ಬ್ಯಾನರ್ ಕಟ್ಟುತ್ತಾರಲ್ಲ, ಅದರಲ್ಲಿ ವಯಸ್ಸು ಎಷ್ಟು ಅಂತ ಬರೆದಿರುವುದನ್ನ ಯಾರಾದರೂ ನೋಡಿದ್ದೀರಾ? ಪ್ರಧಾನಮಂತ್ರಿ ಕೌಶಲ್ ವಿಕಾಸ್ ಯೋಜನೆಯಲ್ಲಿ ಹೊಸದಾಗಿ ಕಲಿಸುವ ಕೋರ್ಸ್ 15ರಿಂದ 45ರವರಿಗೆ. ಹಳ್ಳಿಯವರಿಗೆ ಅಂತ ಇರುವ ದೀನದಯಾಳ್ ಯೋಜನೆ ಗಂಡಸರಿಗೆ ಸಾಮಾನ್ಯವಾಗಿ 35ಕ್ಕೇ ನಿಲ್ಲುತ್ತದೆ. ನನಗೆ 51.

ಪೀಣ್ಯದಲ್ಲಿ ಲೋಹ ಕಡೆಯುವ ಲೇತ್ ಮೆಷಿನ್ ಮುಂದೆ ನಿಂತೇ ಅರ್ಧ ಆಯಸ್ಸು ಕಳೆದವನು ನಾನು. ಟೂಲ್ ಸವೆದಿದೆ ಅಂತ ಸದ್ದು ಕೇಳಿಯೇ ಹೇಳುತ್ತೇನೆ, ಮೈಕ್ರೋಮೀಟರ್ ಆಮೇಲೆ. ಓನರ್ ಹಳೇ ಮೆಷಿನ್‌ಗಳನ್ನ ಗುಜರಿಗೆ ಹಾಕಿ ಕಂಪ್ಯೂಟರ್‌ನಿಂದ ನಡೆಯುವ ಸಿಎನ್‌ಸಿ ಮೆಷಿನ್ ತಂದ, ಹಳೇ ಮೆಷಿನ್ ಜೊತೆ ನಮ್ಮನ್ನೂ ಹೊರಗೆ ಹಾಕಿದ. ಸರಿ, ಅದನ್ನೇ ಕಲಿಯೋಣ ಅಂತ ತರಬೇತಿ ಕೇಂದ್ರಕ್ಕೆ ಹೋದರೆ ಅಲ್ಲಿನ ಹುಡುಗ ನನ್ನ ಜನ್ಮ ದಿನಾಂಕ ಟೈಪ್ ಮಾಡಿ, "ಅಂಕಲ್, ಸಿಸ್ಟಮ್ಮೇ ತಗೊಳ್ತಿಲ್ಲ" ಅಂದ. ಬ್ಯಾಚಲ್ಲಿ ಸೀಟು ಖಾಲಿ ಇದೆ ಅಂತ ಹೇಳಿದ್ದೂ ಅವನೇ! ಬೇಕಿದ್ದರೆ ಆರ್‌ಪಿಎಲ್ ಮಾಡಿಸಿ, ಅದಕ್ಕೆ 59ರವರೆಗೂ ಆಗುತ್ತದೆ ಅಂದ. ಅಂದರೆ ನನಗೆ ಈಗಾಗಲೇ ಬರುವ ಕೆಲಸ ನನಗೆ ಬರುತ್ತದೆ ಅಂತ ಒಂದು ಸರ್ಟಿಫಿಕೇಟ್. ಅದನ್ನ ಇಟ್ಟುಕೊಂಡು ಏನು ಮಾಡಲಿ, ಗೋಡೆಗೆ ಅಂಟಿಸಲಾ?

ಉದ್ಯೋಗ ವಿನಿಮಯ ಕಚೇರಿಗೆ ಹೋದರೆ ಅವರು ಮೊದಲು ಸ್ಕಿಲ್ ಅಪ್‌ಡೇಟ್ ಮಾಡಿಕೊಂಡು ಬನ್ನಿ ಅನ್ನುತ್ತಾರೆ. ಎಲ್ಲಿ ಮಾಡಿಕೊಳ್ಳಲಿ ಸ್ವಾಮಿ? ಅದು ನಮ್ಮ ಇಲಾಖೆ ಅಲ್ಲ ಅನ್ನುತ್ತಾರೆ. ಎತ್ತು ಏರಿಗೆ, ಕೋಣ ನೀರಿಗೆ.

ಇನ್ನೊಂದು ತಮಾಷೆ ಕೇಳಿ. 60 ದಾಟಿದವರಿಗೆ ಅಂತಲೇ ಕೇಂದ್ರ ಸರ್ಕಾರ 2021ರಲ್ಲಿ ಸೇಕ್ರೆಡ್ ಅನ್ನುವ ಉದ್ಯೋಗ ಪೋರ್ಟಲ್ ಮಾಡಿದೆ. ಒಳ್ಳೆಯದೇ, ಬೇಡ ಅನ್ನಲ್ಲ. ಆದರೆ 45ಕ್ಕೆ ಕಲಿಯುವುದು ಮುಗಿದು, 60ಕ್ಕೆ ಮತ್ತೆ ಬಾಗಿಲು ತೆಗೆಯುವವರೆಗೆ ಏನು ಗಾಳಿ ಕುಡಿದು ಬದುಕಬೇಕಾ? ಮಗಳ ಕಾಲೇಜು ಫೀಸು, ಮನೆ ಸಾಲ ಎಲ್ಲಾ ಇರುವುದು ಇದೇ ವಯಸ್ಸಲ್ಲಿ ಅಲ್ವಾ? ಕೆಲಸ ಹೋದರೆ 90 ದಿನ ಅರ್ಧ ಸಂಬಳ ಕೊಡುವ ಇಎಸ್‌ಐ ಸ್ಕೀಮ್ ಇದೆಯಂತೆ. ನನ್ನ ಸಂಬಳ ಎಂದೋ 21 ಸಾವಿರದ ಮಿತಿ ದಾಟಿ ಇಎಸ್‌ಐನಿಂದಲೇ ಹೊರಗೆ ಬಿದ್ದಿದ್ದೇನೆ. ಪಿಎಫ್ ಪಿಂಚಣಿ ಈಗಲೇ ತಗೊಳ್ಳಬಹುದು, ಆದರೆ 58ಕ್ಕೆ ಮುಂಚಿನ ಒಂದೊಂದು ವರ್ಷಕ್ಕೂ ಶೇ. 4 ಕಟ್. ಏಳು ವರ್ಷಕ್ಕೆ ನೀವೇ ಲೆಕ್ಕ ಹಾಕಿ. ಮೊದಲೇ ಅದು ಪುಡಿಗಾಸು, 58ರವರೆಗೆ ಕಾದರೂ ಕನಿಷ್ಠ ಅಂತ ಇರುವುದೇ ತಿಂಗಳಿಗೆ 1000 ರೂಪಾಯಿ, ಅದೂ 2014ರಿಂದ ಕದಲಿಲ್ಲ.

ನನಗೆ ಮೈ ಉರಿಯುವುದು ಯಾಕೆ ಗೊತ್ತಾ? ಮಾಹಿತಿ ಇಲ್ಲ ಅಂತಲ್ಲ. ನಾನು ಕೆಲಸ ಬಿಟ್ಟ ತಾರೀಖು ಪಿಎಫ್ ಖಾತೆಯಲ್ಲಿ ಇದೆ, ಎಲ್ಲೆಲ್ಲಿ ಎಷ್ಟು ವರ್ಷ ದುಡಿದೆ ಅಂತಲೂ ಇದೆ, ಆಧಾರ್ ಅಂತೂ ಎಲ್ಲದಕ್ಕೂ ಲಿಂಕ್ ಮಾಡಿಸಿಕೊಂಡಿದ್ದಾರೆ. ಆ ತಾರೀಖು ಬಿದ್ದ ಕೂಡಲೇ ಉದ್ಯೋಗ ಕಚೇರಿಯವರು ಒಂದು ಫೋನ್ ಮಾಡಿ, ಖಾಲಿ ಇರುವ ಆ ಸೀಟಿಗೆ ಬಂದು ಕೂತ್ಕೊಳಪ್ಪಾ ಅನ್ನುವುದಕ್ಕೆ ಇವರಿಗೇನು ರೋಗ?