ಹಾಜರಿ ಇದ್ದರೆ ಸಾಕು

ಬಿ.ಕಾಂ. ವಿದ್ಯಾರ್ಥಿಗಳಿಗೆ ಆನ್‌ಲೈನ್ ಪಾಠ ಹೆಚ್ಚೋ ತರಗತಿಯ ಪಾಠ ಹೆಚ್ಚೋ ಎಂಬ ಘನವಿಷಯವನ್ನು ಕುರಿತು ನಮ್ಮ ಬಾಗಲಕೋಟೆ ಸೀಮೆಯ ಕಾಲೇಜೊಂದರಲ್ಲಿ ದಿನವಿಡೀ ವಿಚಾರ ಸಂಕಿರಣ ನಡೆದು, ಊಟದ ನಂತರ ‘ಎರಡೂ ಉತ್ತಮ’ ಎಂಬ ನಿರ್ಣಯ ಹೊರಬಿದ್ದುದು ಎಲ್ಲರಿಗೂ ತಿಳಿದೇ ಇದೆ. ಯಾರ ಮನಸ್ಸೂ ನೋಯದಂತೆ ಸತ್ಯವನ್ನು ಸಮಪಾಲು ಮಾಡುವ ಈ ಕಲೆ ವಾಣಿಜ್ಯ ವಿಭಾಗದವರಿಗಲ್ಲದೆ ಇನ್ನಾರಿಗೆ ಒಲಿದೀತು?

ಸಂಪನ್ಮೂಲ ವ್ಯಕ್ತಿಯೊಬ್ಬರು ಅಮೆರಿಕದ ಶಿಕ್ಷಣ ಇಲಾಖೆಯ 2010ರ ವರದಿಯನ್ನು ಉದ್ಧರಿಸಿದರು. ಎರಡೂ ಪದ್ಧತಿಗಳನ್ನು ಬೆರೆಸಿ ಕಲಿತವರು ಬರಿಯ ತರಗತಿಯಲ್ಲಿ ಕಲಿತವರಿಗಿಂತ ಮುಂದಿದ್ದರೆಂದು ಅದರಲ್ಲಿರುವುದು ನಿಜ. ಆದರೆ ಹಾಗೆ ಕಲಿತವರಿಗೆ ಹಲವು ಕಡೆ ಹೆಚ್ಚಿನ ಸಮಯವೂ ಸಾಮಗ್ರಿಯೂ ದೊರೆತಿದ್ದವು, ಆದ್ದರಿಂದ ಶ್ರೇಯಸ್ಸನ್ನು ಮಾಧ್ಯಮಕ್ಕೇ ಕಟ್ಟಲಾಗದು ಎಂಬ ಎಚ್ಚರಿಕೆಯೂ ಅದೇ ವರದಿಯಲ್ಲಿದೆ. ಆ ಮಾತಿಗೆ ಬರುವಷ್ಟರಲ್ಲಿ ಚಹಾ ಬಂದಿತು.

ನನ್ನ ಮಟ್ಟಿಗೆ ಎರಡೂ ಪದ್ಧತಿಗಳ ಪ್ರಾಣವಿರುವುದು ಹಾಜರಿ ಪುಸ್ತಕದಲ್ಲಿ. ಪರದೆಯ ಮೇಲೆ ಹೆಸರು ಕಾಣುತ್ತಿದ್ದರೆ ವಿದ್ಯಾರ್ಥಿ ಹಾಜರು. ಆ ಹೊತ್ತಿನಲ್ಲಿ ಆತ ಮಹಾಲಿಂಗಪುರದ ದಲಾಲಿ ಅಂಗಡಿಯಲ್ಲಿ ಬೆಲ್ಲದ ಪೆಂಟೆ ಎಣಿಸುತ್ತಿದ್ದರೂ ಸರಿಯೆ. ತರಗತಿಗಾದರೋ ಶೇ 75ರ ನಿಯಮವುಂಟು. ಸೆಮಿಸ್ಟರ್ ಉದ್ದಕ್ಕೂ ಶೇ 40 ದಾಟದವನು ಪರೀಕ್ಷಾ ಶುಲ್ಕ ಕಟ್ಟುವ ವಾರದಲ್ಲಿ ಸರಿಯಾಗಿ 75ಕ್ಕೆ ಬಂದು ನಿಲ್ಲುತ್ತಾನೆ. ಲೆಕ್ಕ ಮುಗಿಸುವಾಗ ಅಂಕಿಗಳನ್ನು ಸರಿದೂಗಿಸಲು ಬರೆಯುವ ಹೊಂದಾಣಿಕೆ ನಮೂದನ್ನು ಇಷ್ಟು ಅಚ್ಚುಕಟ್ಟಾಗಿ ತೋರಿಸಿಕೊಡುವ ಪ್ರಾತ್ಯಕ್ಷಿಕೆ ಯಾವ ಪಠ್ಯಪುಸ್ತಕದಲ್ಲಿದೆ? ಅಂದಹಾಗೆ ಬೆಲ್ಲ ಎಣಿಸುವ ಆ ಹುಡುಗ, ಉದ್ರಿ ಯಾರಿಗೆ ಕೊಡಬಹುದು, ಯಾರಿಗೆ ಕೊಟ್ಟರೆ ಮುಳುಗಿತು, ದಲಾಲಿ ಎಷ್ಟು, ಹಮಾಲಿ ಎಷ್ಟು ಎಂಬುದನ್ನೆಲ್ಲ ಬಾಯಿಲೆಕ್ಕದಲ್ಲೇ ಹೇಳಬಲ್ಲ. ಆಂತರಿಕ ಮೌಲ್ಯಮಾಪನದಲ್ಲಿ ಅವನಿಗೆ ಅಂಕ ಬರುವುದು ಮಾತ್ರ ಗೆಳೆಯನಿಂದ ನಕಲಿಸಿದ ಅಸೈನ್‌ಮೆಂಟಿಗೆ.

ವೆಚ್ಚ ಲೆಕ್ಕಶಾಸ್ತ್ರಕ್ಕೆ ಸೆಮಿಸ್ಟರ್ ಅರ್ಧ ಕಳೆದ ಮೇಲೆ ಅತಿಥಿ ಉಪನ್ಯಾಸಕರು ಬರುತ್ತಾರೆ. ಬಂದವರಿಗೆ ಗೌರವಧನ ತಿಂಗಳುಗಟ್ಟಲೆ ಬರುವುದಿಲ್ಲ. ಹಳ್ಳಿಯಿಂದ ಮುಂಜಾನೆಯ ಬಸ್ಸಿನಲ್ಲಿ ನಿಂತೇ ಬಂದ ಹುಡುಗಿ ಖಾಲಿ ಪೀರಿಯಡ್ಡಿನಲ್ಲಿ ಕುಳಿತು, ಅದೇ ಪಾಠವನ್ನು ಯೂಟ್ಯೂಬಿನಲ್ಲಿ, ತನ್ನ ದುಡ್ಡಿನ ಡೇಟಾ ಸುಟ್ಟು ನೋಡುತ್ತಾಳೆ. ಇದು ಆನ್‌ಲೈನ್ ಶಿಕ್ಷಣವೋ ತರಗತಿಯ ಶಿಕ್ಷಣವೋ ಎಂಬುದನ್ನು ಸಂಕಿರಣ ಹೇಳಲಿಲ್ಲ. ಪಾಠ ಹೇಳುವವರೇ ಇಲ್ಲದ ಕೋಣೆಯನ್ನು ಯಾವುದರೊಂದಿಗೆ ಹೋಲಿಸುತ್ತೀರಿ, ಸ್ವಾಮಿ? ಸೆಮಿಸ್ಟರ್ ಆರಂಭವಾಗುವ ದಿನವೇ ಒಬ್ಬ ಉಪನ್ಯಾಸಕರನ್ನು ಆ ಕೋಣೆಗೆ ಕಳುಹಿಸಿ, ತಿಂಗಳ ಕೊನೆಗೆ ಅವರ ಹಣ ಕೊಡಿ. ನಿಮ್ಮ ಹೋಲಿಕೆಯನ್ನು ಆಮೇಲೆ ಕೇಳುತ್ತೇವೆ.