ಯುದ್ಧದ ಪ್ರಾಜೆಕ್ಟ್‌ಗೆ ಫೋಟೋ ಹುಡುಕುವ ಮೊದಲು

ಹೈಸ್ಕೂಲ್ ಮಕ್ಕಳಿಗೆ ಯುದ್ಧಕಾಲದ ಹತ್ಯಾಕಾಂಡಗಳ ಬಗ್ಗೆ ಪ್ರಾಜೆಕ್ಟ್ ಕೊಡಲೇಬಾರದು, ಎಳೆ ಮನಸ್ಸು ಹಾಳಾಗುತ್ತದೆ ಅಂತ ಕೆಲವು ಪೋಷಕರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಕೊಡಬೇಕು. ಆದರೆ ನಾವು ಕೊಡುತ್ತಿರುವ ರೀತಿ ಮಾತ್ರ ಸರಿಯಿಲ್ಲ.

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ವಿಜ್ಞಾನ ಪಾಠ ಮಾಡುವವಳಾಗಿ ಈ ಮಾತು ಬರೆಯುತ್ತಿದ್ದೇನೆ. ಎಷ್ಟೋ ಕಡೆ ನಡೆಯುವುದು ಹೀಗೆ. ಶುಕ್ರವಾರ ವಿಷಯ ಕೊಡುತ್ತಾರೆ, ಸೋಮವಾರ ಚಾರ್ಟ್ ಬರಬೇಕು. ಮಗು ಅಪ್ಪನ ಫೋನ್ ಹಿಡಿದು ಹತ್ತು ಫೋಟೋ ಇಳಿಸಿಕೊಳ್ಳುತ್ತದೆ, ಅಕ್ಷಯ ಕೇಂದ್ರದಲ್ಲಿ ಪ್ರಿಂಟ್ ತೆಗೆಸುತ್ತದೆ, ಅಂಟಿಸುತ್ತದೆ, ಪಕ್ಕದಲ್ಲಿ ಇಷ್ಟು ಲಕ್ಷ ಜನ ಸತ್ತರು ಅಂತ ಸ್ಕೆಚ್ ಪೆನ್ನಿನಲ್ಲಿ ಬರೆಯುತ್ತದೆ. ಕೊನೆಗೆ ಆಧಾರ: ಗೂಗಲ್. ಗೂಗಲ್ ಹುಡುಕಿ ಕೊಡುತ್ತದೆ ಅಷ್ಟೇ, ಹೇಳಿದವರು ಬೇರೆ ಯಾರೋ. ಅದು ಯಾರು, ಯಾವಾಗ ಹೇಳಿದರು, ಅವರಿಗೆ ಹೇಗೆ ಗೊತ್ತಾಯಿತು, ಇದನ್ನು ಯಾರೂ ಕೇಳುವುದಿಲ್ಲ. ಚಾರ್ಟ್ ಚೆನ್ನಾಗಿ ಕಂಡರೆ ಮಾರ್ಕು ಸಿಗುತ್ತದೆ.

ಬೇರೆ ಪಾಠದಲ್ಲಿ ಇದು ಸಣ್ಣ ವಿಷಯ ಇರಬಹುದು. ಇಲ್ಲಿ ಹಾಗಲ್ಲ. ಯಾಕೆಂದರೆ ಪ್ರತಿಯೊಂದು ಹತ್ಯಾಕಾಂಡಕ್ಕೂ ಅದು ನಡೆದೇ ಇಲ್ಲ ಎನ್ನುವವರು ಇದ್ದಾರೆ. ಒಂದೇ ಒಂದು ತಪ್ಪು ಫೋಟೋ ಸಿಕ್ಕಿದರೂ ಸಾಕು, ನೋಡಿ ಇದು ಸುಳ್ಳು, ಹಾಗಾದರೆ ಉಳಿದದ್ದೂ ಸುಳ್ಳು ಅನ್ನುತ್ತಾರೆ. ನಮ್ಮ ಉದಾಸೀನದಿಂದ ಅನ್ಯಾಯ ಆಗುವುದು ಸತ್ತವರಿಗೆ.

2018ರಲ್ಲಿ ಮ್ಯಾನ್ಮಾರ್ ಸೇನೆ ಅಲ್ಲಿನ ಅಲ್ಪಸಂಖ್ಯಾತ ಮುಸ್ಲಿಮರಾದ ರೋಹಿಂಗ್ಯಾಗಳ ವಿರುದ್ಧ ಒಂದು ಪುಸ್ತಕವನ್ನೇ ಅಚ್ಚು ಹಾಕಿಸಿತು. ಆ ಸೇನೆ ಅವರನ್ನು ಕರೆಯುವುದೇ ಬಂಗಾಳಿಗಳು ಅಂತ. ಅದರಲ್ಲಿ ಹೆಣಗಳ ಪಕ್ಕ ಒಬ್ಬ ನಿಂತಿರುವ ಫೋಟೋ ಇತ್ತು. 1940ರ ದಶಕದ ಗಲಭೆಯಲ್ಲಿ ಬಂಗಾಳಿಗಳು ಸ್ಥಳೀಯರನ್ನು ಕೊಂದದ್ದು ಅನ್ನುವ ಅರ್ಥದ ವಿವರಣೆ ಹಾಕಿದ್ದರು. ರಾಯಿಟರ್ಸ್ ಪತ್ರಕರ್ತರು ಹುಡುಕಿದಾಗ ಅದು 1971ರ ಬಾಂಗ್ಲಾದೇಶ ಯುದ್ಧದ್ದು, ಢಾಕಾದಲ್ಲಿ ತೆಗೆದದ್ದು ಅಂತ ಗೊತ್ತಾಯಿತು. ಸತ್ತವರೇ ಬಂಗಾಳಿಗಳು. ಕೊಲೆಯಾದವರ ಹೆಣವನ್ನೇ ತೋರಿಸಿ ಅವರ ಜನರನ್ನೇ ಕೊಲೆಗಾರರು ಅಂದಿದ್ದರು. ಪತ್ರಕರ್ತರು ಹುಡುಕಿದ್ದು ಹೇಗೆ ಗೊತ್ತಾ? ಫೋಟೋ ಹಾಕಿ ಹುಡುಕುವ ಗೂಗಲ್ ಸೌಲಭ್ಯ ಮತ್ತು ಟಿನ್‌ಐ ಎನ್ನುವ ಅಂಥದ್ದೇ ವೆಬ್‌ಸೈಟ್ ಬಳಸಿ. ಇವೆರಡೂ ನಮ್ಮ ಮಕ್ಕಳ ಕೈಯಲ್ಲಿರುವ ಫೋನಿನಲ್ಲೂ ಸಿಗುತ್ತವೆ. ಸರಕಾರದ ಪುಸ್ತಕ, ಅಚ್ಚಾಗಿದೆ ಅನ್ನುವ ಒಂದೇ ಕಾರಣಕ್ಕೆ ನಂಬಬಾರದು ಅಂತ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಇನ್ನೊಂದು ತೊಂದರೆ ಸೇರಿಕೊಂಡಿದೆ. ಪೋಲೆಂಡಿನಲ್ಲಿ ನಾಜಿಗಳು ನಡೆಸಿದ ಸಾವಿನ ಶಿಬಿರ ಆಶ್ವಿಟ್ಸ್‌ನಲ್ಲಿ ಸತ್ತವರದ್ದು ಅಂತ ಎಐ ಮಾಡಿದ ನಕಲಿ ಮುಖಗಳನ್ನು ಕೆಲವು ಫೇಸ್‌ಬುಕ್ ಪೇಜ್‌ಗಳು ಹಾಕತೊಡಗಿದವು. ಅದು ಸತ್ತವರಿಗೆ ಮಾಡುವ ಅವಮಾನ ಅಂತ 2025ರಲ್ಲಿ ಆಶ್ವಿಟ್ಸ್ ಮ್ಯೂಸಿಯಂನವರೇ ಹೇಳಬೇಕಾಯಿತು. ನಿಜವಾಗಿ ಬದುಕಿ ಸತ್ತವರ ಫೋಟೋಗಳು ಆ ಮ್ಯೂಸಿಯಂನಲ್ಲೇ ಇರುವಾಗ, ಲೈಕ್‌ಗಾಗಿ ಇಲ್ಲದ ಮಗುವಿನ ಮುಖ ಮಾಡಿ ಜನರ ಕಣ್ಣಲ್ಲಿ ನೀರು ತರಿಸುವುದು ಯಾಕೆ? ನನಗೆ ಇದು ತುಂಬಾ ಸಿಟ್ಟು ಬರಿಸಿದ ವಿಷಯ. ಆದ್ದರಿಂದ ನಮ್ಮ ತರಗತಿಯಲ್ಲಿ ನಿಯಮ ಮಾಡಿದ್ದೇನೆ: ಯಾರು ತೆಗೆದದ್ದು, ಎಲ್ಲಿ ಇಟ್ಟಿದ್ದಾರೆ ಅಂತ ಹೇಳಲಾಗದ ಫೋಟೋ ಚಾರ್ಟಿನಲ್ಲಿ ಬರಬಾರದು. ಫೋಟೋ ಇಲ್ಲದ ಪ್ರಾಜೆಕ್ಟ್ ಆದರೂ ಪರವಾಗಿಲ್ಲ.

ಸಂಖ್ಯೆಗಳ ವಿಷಯಕ್ಕೆ ಬಂದರೆ ಮಕ್ಕಳು ಗಲಿಬಿಲಿ ಆಗುತ್ತಾರೆ. "ಟೀಚರ್, ಒಂದು ಕಡೆ ಒಂದು ಥರ, ಇನ್ನೊಂದು ಕಡೆ ಇನ್ನೊಂದು ಥರ, ಯಾವುದು ಬರೆಯುವುದು?" ನಾನು ಮೊದಲು ಜಲಿಯನ್‌ವಾಲಾ ಬಾಗ್ ನೆನಪಿಸುತ್ತೇನೆ. ಬ್ರಿಟಿಷರ ಲೆಕ್ಕ 379, ಕಾಂಗ್ರೆಸ್ ಸಮಿತಿಯ ಲೆಕ್ಕ ಸಾವಿರದ ಹತ್ತಿರ. ಲೆಕ್ಕ ಬೇರೆ ಬೇರೆ ಇದೆ ಅಂತ ಗುಂಡು ಹಾರಿದ್ದು ಸುಳ್ಳಾಗುತ್ತದಾ? ಚೀನಾದ ನಾನ್‌ಜಿಂಗ್ ಕೂಡ ಹಾಗೆ. 1937ರ ಡಿಸೆಂಬರ್‌ನಲ್ಲಿ ಜಪಾನಿ ಸೇನೆ ಆ ನಗರಕ್ಕೆ ನುಗ್ಗಿದ ಮೇಲೆ ನಡೆದ ಕೊಲೆಗಳ ಬಗ್ಗೆ, ಯುದ್ಧ ಮುಗಿದ ಮೇಲೆ ಜಪಾನಿನ ಮುಖಂಡರ ಮೇಲೆ ನಡೆದ ಟೋಕಿಯೋ ವಿಚಾರಣೆಯ ತೀರ್ಪು ಎರಡು ಲಕ್ಷಕ್ಕಿಂತ ಜಾಸ್ತಿ ಅಂದಿತು. ಚೀನಾ ಸರಕಾರ ಮೂರು ಲಕ್ಷ ಅನ್ನುತ್ತದೆ. ಯಾವ ಪ್ರದೇಶ, ಎಷ್ಟು ದಿನ, ಸೆರೆಸಿಕ್ಕ ಸೈನಿಕರನ್ನು ಸೇರಿಸಿದ್ದಾರಾ, ಇದರ ಮೇಲೆ ಲೆಕ್ಕ ಬದಲಾಗುತ್ತದೆ. ಆಶ್ವಿಟ್ಸ್‌ನಲ್ಲಿ 40 ಲಕ್ಷ ಸತ್ತರು ಅಂತ 1945ರಲ್ಲಿ ಸೋವಿಯತ್ ಆಯೋಗ ಹೇಳಿತ್ತು. ಆಮೇಲೆ ಮ್ಯೂಸಿಯಂನ ಇತಿಹಾಸಕಾರರೇ ರೈಲುಗಳ ದಾಖಲೆ ನೋಡಿ ಅದನ್ನು ಸುಮಾರು 11 ಲಕ್ಷಕ್ಕೆ ಇಳಿಸಿದರು. ಇದನ್ನೇ ಹಿಡಿದು ನಿರಾಕರಿಸುವವರು ಕುಣಿಯುತ್ತಾರೆ. ನನ್ನ ಪ್ರಕಾರ ತಮ್ಮ ಲೆಕ್ಕವನ್ನು ತಾವೇ ತಿದ್ದಿಕೊಂಡವರನ್ನೇ ಜಾಸ್ತಿ ನಂಬಬೇಕು. ಮಗು ಒಂದೇ ಸಂಖ್ಯೆ ಬರೆಯುವ ಬದಲು ಯಾರ ಲೆಕ್ಕ ಎಷ್ಟು ಅಂತ ಬರೆಯಲಿ.

ಸಾಕ್ಷಿ ಹೇಳಿದವನಿಗೆ ಸುಳ್ಳು ಹೇಳಿ ಏನು ಲಾಭ ಇತ್ತು ಅಂತಲೂ ಕೇಳಬೇಕು. ನಾನ್‌ಜಿಂಗ್‌ನಲ್ಲಿ ದಿನಚರಿ ಬರೆದಿಟ್ಟ ಜಾನ್ ರಾಬೆ ಜರ್ಮನಿಯವನು, ಸೀಮೆನ್ಸ್ ಕಂಪನಿಯ ಕೆಲಸಗಾರ, ಮೇಲಾಗಿ ನಾಜಿ ಪಕ್ಷದ ಸದಸ್ಯ. ಜರ್ಮನಿ ಮತ್ತು ಜಪಾನ್ ಆಗಲೇ ಒಪ್ಪಂದ ಮಾಡಿಕೊಂಡಿದ್ದವು. ಹಾಗಿದ್ದೂ ಜಪಾನಿಯರು ಮಾಡಿದ್ದನ್ನು ಕಂಡ ಹಾಗೆ ಬರೆದ, ಸಾವಿರಾರು ಚೀನೀಯರಿಗೆ ಆಶ್ರಯ ಕೊಟ್ಟ, ಊರಿಗೆ ಹೋಗಿ ಹಿಟ್ಲರ್‌ಗೇ ತಿಳಿಸಲು ಹೋಗಿ ಅವನ ಗುಪ್ತ ಪೊಲೀಸರಾದ ಗೆಸ್ಟಾಪೋ ಕೈಗೆ ಸಿಕ್ಕಿಬಿದ್ದ. ಅಂಥವನ ಮಾತಿಗೆ ತೂಕ ಜಾಸ್ತಿ, ಅಲ್ವಾ?

ಇನ್ನು ನಮ್ಮವರೇ ಆದ ರಾಧಾಬಿನೋದ್ ಪಾಲ್. ಟೋಕಿಯೋ ವಿಚಾರಣೆಯಲ್ಲಿ ಎಲ್ಲ ಆರೋಪಿಗಳೂ ನಿರ್ದೋಷಿಗಳು ಅಂತ ಬೇರೆ ತೀರ್ಪು ಬರೆದ ಭಾರತೀಯ ನ್ಯಾಯಾಧೀಶ. ಭಾರತದ ಜಡ್ಜೇ ನಾನ್‌ಜಿಂಗ್ ಕತೆ ಸುಳ್ಳು ಅಂದಿದ್ದಾರೆ ಅಂತ ಯಾರಾದರೂ ಫಾರ್ವರ್ಡ್ ಕಳಿಸಿದರೆ ಅವರ ತೀರ್ಪನ್ನೇ ತೆಗೆದು ನೋಡಿ. ದೌರ್ಜನ್ಯ ನಡೆದದ್ದಕ್ಕೆ ಸಾಕ್ಷ್ಯ ಧಾರಾಳವಾಗಿದೆ ಅಂತಲೇ ಅವರು ಬರೆದಿದ್ದಾರೆ. ಅವರ ತಕರಾರು ಇದ್ದದ್ದು ಕಾನೂನಿನ ಬಗ್ಗೆ, ಆ ಮುಖಂಡರ ಹೊಣೆಯ ಬಗ್ಗೆ.

ಆದರೆ ನನಗೆ ತುಂಬಾ ಮುಖ್ಯ ಅನಿಸುವುದು ಸಯಾಂ ಬರ್ಮಾ ರೈಲು. ಥಾಯ್ಲೆಂಡ್‌ನಿಂದ ಬರ್ಮಾಕ್ಕೆ ಸುಮಾರು 415 ಕಿಲೋಮೀಟರ್ ಹಳಿ, 1942-43ರಲ್ಲಿ ಜಪಾನಿಯರು ಕಾಡು ಕಡಿದು ಹಾಕಿಸಿದ್ದು. ಬ್ರಿಟಿಷ್, ಆಸ್ಟ್ರೇಲಿಯನ್, ಡಚ್ ಯುದ್ಧಕೈದಿಗಳು 12,000ಕ್ಕಿಂತ ಜಾಸ್ತಿ ಸತ್ತರು. ಅವರ ಬಗ್ಗೆ ಹುಡುಕಿದರೆ ಪುಟಗಟ್ಟಲೆ ಸಿಗುತ್ತದೆ. ಹೆಸರು, ರೆಜಿಮೆಂಟ್, ಸತ್ತ ತಾರೀಕು, ಥಾಯ್ಲೆಂಡ್‌ನ ಕಾಂಚನಬುರಿಯಲ್ಲಿ ಸಮಾಧಿಯ ಸಾಲು. ಅದೇ ಹಳಿಯ ಮೇಲೆ ಏಷ್ಯಾದ ಕೂಲಿಗಳು ಸುಮಾರು 90,000 ಸತ್ತರು ಎಂಬ ಅಂದಾಜು ಇದೆ. ಬರ್ಮೀಯರು, ಮಲಾಯಿಗಳು, ಜಾವಾದವರು, ಜೊತೆಗೆ ಮಲಾಯಾದ ರಬ್ಬರ್ ತೋಟಗಳಿಂದ ಹಿಡಿದುಕೊಂಡು ಹೋದ ತಮಿಳರು. ಕಾಲರಾ ಬಂದಾಗ ಲೆಕ್ಕವಿಲ್ಲದೆ ಸತ್ತರು. ಇವರ ಹೆಸರು ಬರೆದಿಡಲು ಯಾವ ಸೇನೆಯೂ ಇರಲಿಲ್ಲ. ಹಾಗಾಗಿ ಅಂದಾಜು ಮಾತ್ರ ಉಳಿದಿದೆ. ದಾಖಲೆ ಇಲ್ಲ ಅಂದರೆ ನಡೆದಿಲ್ಲ ಅಂತಲ್ಲ ಅನ್ನುವುದನ್ನು ಮಕ್ಕಳಿಗೆ ಇಲ್ಲಿಂದಲೇ ಹೇಳಿಕೊಡಬೇಕು. ಶರಣಾಗುವ ಮೊದಲು 1945ರ ಆಗಸ್ಟ್‌ನಲ್ಲಿ ಜಪಾನಿ ಸೇನೆ ರಾಶಿ ರಾಶಿ ಕಾಗದ ಸುಟ್ಟು ಹಾಕಿತ್ತು ಅನ್ನುವುದೂ ನೆನಪಿರಲಿ.

ನಮ್ಮದೇ ದೇಶದ ಅಂಡಮಾನ್ ಬಗ್ಗೆ ಯಾಕೆ ಯಾರೂ ಪ್ರಾಜೆಕ್ಟ್ ಕೊಡುವುದಿಲ್ಲವೋ. 1942ರಿಂದ 1945ರವರೆಗೆ ಅಲ್ಲಿ ಜಪಾನಿಯರ ಆಡಳಿತ ಇತ್ತು. ಡಾಕ್ಟರ್ ದಿವಾನ್ ಸಿಂಗ್ ಅವರನ್ನು ಸೆಲ್ಯುಲರ್ ಜೈಲಿನಲ್ಲಿ ಹಿಂಸೆ ಕೊಟ್ಟು ಕೊಂದರು. ಅದೇ ತಿಂಗಳು, 1944ರ ಜನವರಿ 30ರಂದು, ಹಂಫ್ರಿಗಂಜ್‌ನಲ್ಲಿ ಗೂಢಚಾರರು ಅನ್ನುವ ಆರೋಪ ಹೊರಿಸಿ 44 ಜನರನ್ನು ಗುಂಡಿಟ್ಟರು.

ಕನ್ನಡದಲ್ಲಿ ಇದೆಲ್ಲ ಓದಲು ಸಿಗುವುದು ಕಡಿಮೆ, ನಿಜ. ಆದರೆ ನಮ್ಮ ಮಕ್ಕಳು ಮಲಯಾಳಂ ಓದುತ್ತಾರೆ, ಇಂಗ್ಲಿಷ್ ಸಹಾಯ ಮಾಡಿದರೆ ಓದುತ್ತಾರೆ. ವಿಕಿಪೀಡಿಯಾ ಬೇಡ ಅಂತ ನಾನು ಹೇಳುವುದಿಲ್ಲ, ಪುಟದ ಅಡಿಯಲ್ಲಿರುವ ಟಿಪ್ಪಣಿವರೆಗೆ ಹೋಗಿ ಅನ್ನುತ್ತೇನೆ. ಆಸ್ಟ್ರೇಲಿಯಾದ ಟ್ರೋವ್ ವೆಬ್‌ಸೈಟ್‌ನಲ್ಲಿ ಆ ಕಾಲದ ಪತ್ರಿಕೆಗಳು ಪುಕ್ಕಟೆ ಸಿಗುತ್ತವೆ. ಹಳೆಯ ಸರಕಾರಿ ದಾಖಲೆ ಹುಡುಕಲು ನಮ್ಮ ರಾಷ್ಟ್ರೀಯ ಅಭಿಲೇಖಾಗಾರದ ಅಭಿಲೇಖ್ ಪಟಲ್ ವೆಬ್‌ಸೈಟ್ ಇದೆ. ಚಾಟ್‌ಜಿಪಿಟಿ ಪುಸ್ತಕದ ಹೆಸರು ಹೇಳಿದರೆ ಆ ಪುಸ್ತಕ ನಿಜವಾಗಿ ಇದೆಯಾ ಅಂತ ಮೊದಲು ನೋಡಬೇಕು, ಅದು ಇಲ್ಲದ್ದನ್ನೂ ಇದೆ ಅನ್ನುತ್ತದೆ. ಹಳೆಯ ದಾಖಲೆಯಲ್ಲಿ ನಮ್ಮೂರಿನವರನ್ನು ಹುಡುಕುವುದಾದರೆ ಕೇರಳ ಅಂತ ಹಾಕಿ ಪ್ರಯೋಜನ ಇಲ್ಲ. 1956ರವರೆಗೆ ನಾವು ಮದ್ರಾಸಿನ ಸೌತ್ ಕೆನರಾ ಜಿಲ್ಲೆಯವರು. ಹಾಗೆಯೇ ಹುಡುಕಬೇಕು.

ಶಿಕ್ಷಕ ಮಿತ್ರರಲ್ಲಿ ನನ್ನ ಬೇಡಿಕೆ ಇಷ್ಟೇ. ಎರಡು ದಿನದ ಚಾರ್ಟ್ ಬದಲು ಒಂದು ತಿಂಗಳು ಕೊಡಿ. ಒಂದೇ ಘಟನೆ, ಒಂದೇ ಮೂಲ ದಾಖಲೆ, ಅದನ್ನು ಒಪ್ಪುವ ಇನ್ನೊಂದು ಸಾಕ್ಷ್ಯ. ಹೆಣದ ಚಿತ್ರ ಬೇಡವೇ ಬೇಡ.

ಪೋಷಕರಿಗೂ ಒಂದು ಮಾತು. ನಿಮ್ಮ ಮನೆಯ ಅಜ್ಜನೋ ದೊಡ್ಡಪ್ಪನೋ ಆ ಕಾಲದಲ್ಲಿ ಮಲಾಯಾ, ಸಿಂಗಾಪುರ, ಬರ್ಮಾ ಕಡೆ ಇದ್ದು, ಅವರ ಕಾಗದ ಪತ್ರ ಟ್ರಂಕಿನಲ್ಲಿ ಉಳಿದಿದ್ದರೆ ದಯವಿಟ್ಟು ತಿಳಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ಮೊಬೈಲಿನಲ್ಲಿ ಫೋಟೋ ತೆಗೆದು ಕಳಿಸಿದರೆ ಸಾಕು. ಹಿಂಬದಿಯದ್ದೂ ತೆಗೆಯಿರಿ, ಅಂಚೆಯ ಮುದ್ರೆ, ತಾರೀಕು, ಊರಿನ ಹೆಸರು ಇರುವುದು ಅಲ್ಲೇ.