ಕಕ್ಕಡ ತಿಂಗಳ ಓದು: ಮಳೆಯಲ್ಲಿ ಕುಳಿತು ಓದಿದ ಮರಳುಗಾಡು

ಕೊಡಗಿನ ಜೋರು ಮಳೆಯ ಕಕ್ಕಡ ತಿಂಗಳು ಮುಗಿಯುತ್ತಾ ಬಂತು. ನಮ್ಮ ಅರೆಭಾಷೆಯ ಮನೆಗಳಲ್ಲಿ ಇದಕ್ಕೆ ಆಟಿ ತಿಂಗಳು ಎನ್ನುತ್ತೇವೆ. ನಾಟಿ ಮುಗಿದಿದೆ. ತೋಟಕ್ಕೆ ಇಳಿದರೆ ಜಿಗಣೆ, ಭಾಗಮಂಡಲದ ರಸ್ತೆ ಎರಡು ಸಲ ನೀರಿನಡಿಗೆ ಹೋಗಿ ಬಂದಿದೆ, ಕರೆಂಟು ಬಂದರೆ ಬಂತು. ವರ್ಷದಲ್ಲಿ ನಾನು ಅತಿ ಹೆಚ್ಚು ಓದುವ ತಿಂಗಳು ಇದು. ಪ್ರತಿ ತಿಂಗಳ ಕೊನೆಗೆ ನಾನು ಓದಿದ ವೈಜ್ಞಾನಿಕ ಕಾದಂಬರಿಗಳ, ಫ್ಯಾಂಟಸಿಗಳ ಬಗ್ಗೆ ಇಲ್ಲಿ ಬರೆಯುವುದು ನಿಮಗೆ ಗೊತ್ತು. ಈ ಸಲದ ಬರಹ ಉದ್ದವಾಗುತ್ತದೆ, ಏಕೆಂದರೆ ಓದಿದ್ದೆಲ್ಲವೂ ಸುತ್ತಿ ಸುತ್ತಿ ನೀರಿನ ಮಾತಿಗೇ ಬಂದು ನಿಂತಿತು.

ಮೊದಲು ಫ್ರಾಂಕ್ ಹರ್ಬರ್ಟ್ ಬರೆದ 'ಡ್ಯೂನ್'. 1965ರ ಕಾದಂಬರಿ, ನೀರು ಅಪರೂಪವಾದ ಮರಳುಗಾಡಿನ ಗ್ರಹವೊಂದರ ಕಥೆ. ಇಪ್ಪತ್ತಕ್ಕೂ ಹೆಚ್ಚು ಪ್ರಕಾಶಕರು ಬೇಡವೆಂದ ಮೇಲೆ ವಾಹನ ದುರಸ್ತಿಯ ಕೈಪಿಡಿಗಳಿಗೆ ಹೆಸರಾಗಿದ್ದ ಸಂಸ್ಥೆಯೊಂದು ಇದನ್ನು ಅಚ್ಚು ಹಾಕಿತು. ಕಾಲೇಜಿನ ದಿನಗಳಲ್ಲಿ ಒಮ್ಮೆ ಓದಿದ್ದೆ. ಆಗ ಮರಳಿನ ಹುಳುಗಳು, ಕತ್ತಿವರಸೆ, ಸೇಡು ಮಾತ್ರ ನೆನಪಿನಲ್ಲಿ ಉಳಿದಿದ್ದವು. ಈ ಸಲ ಅವೆಲ್ಲ ಹಿಂದೆ ಸರಿದು ನೀರಿನ ಲೆಕ್ಕ ಮುಂದೆ ಬಂತು.

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಮಳೆಯ ಪುಸ್ತಕವಿದೆ. ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಇಂಚು, ಸೆಂಟುಗಳಲ್ಲಿ (ನೂರು ಸೆಂಟಿಗೆ ಒಂದು ಇಂಚು) ಬರೆದಿಡುತ್ತೇವೆ. ಕೊಡಗಿನ ಕಾಫಿ ಬೆಳೆಗಾರರಿಗೆ ಮಿಲಿಮೀಟರ್ ಇಂದಿಗೂ ನಾಲಿಗೆಗೆ ಹತ್ತಿಲ್ಲ. ಒಂದು ಬೆಳಿಗ್ಗೆ 7 ಇಂಚು 20 ಸೆಂಟು ಎಂದು ಬರೆದು, ಒಲೆಯ ಪಕ್ಕ ಬಂದು ಪುಸ್ತಕ ತೆರೆದೆ. ಅಲ್ಲಿಯೂ ಒಬ್ಬ ವೈದ್ಯ ಕಿಟಕಿಯ ಬಳಿ ನಿಂತು ಲೆಕ್ಕ ಹೇಳುತ್ತಿದ್ದ. ಒಂದು ಖರ್ಜೂರದ ಮರಕ್ಕೆ ದಿನಕ್ಕೆ 40 ಲೀಟರ್ ನೀರು, ಒಬ್ಬ ಮನುಷ್ಯನಿಗೆ 8 ಲೀಟರ್. ಒಂದು ಮರ ಐದು ಜನರಿಗೆ ಸಮ. ಅರಮನೆಯ ಮುಂದೆ 20 ಮರಗಳಿವೆ, ಅಂದರೆ 100 ಜನರ ನೀರು. ದಾರಿಯಲ್ಲಿ ಹೋಗುವ ಬಡವರು ಆ ಮರಗಳನ್ನು ನೋಡುವ ನೋಟ ಹೇಗಿರುತ್ತದೆ ಎಂಬುದನ್ನು ಲೇಖಕ ಬೇರೆಯಾಗಿ ವರ್ಣಿಸಬೇಕಾಗಿಯೇ ಇಲ್ಲ. ಲೆಕ್ಕವೇ ಹೇಳುತ್ತದೆ.

ಆ ಲೋಕದಲ್ಲಿ ಬೆವರನ್ನೂ ಸೋಸಿ ಮತ್ತೆ ಕುಡಿಯುವ ಉಡುಪು ತೊಡುತ್ತಾರೆ. ನಮ್ಮಲ್ಲಿ ಒಗೆದ ಬಟ್ಟೆ ಒಲೆಯ ಮೇಲಿನ ಅಟ್ಟದಲ್ಲಿ ವಾರವಿಟ್ಟರೂ ತೇವ ಬಿಡುವುದಿಲ್ಲ. ಮರಳುಗಾಡಿನ ನಾಯಕನೊಬ್ಬ ಹೊಸ ದೊರೆಯ ಮೇಜಿನ ಮೇಲೆ ಉಗುಳುತ್ತಾನೆ. ಸುತ್ತಲಿನವರು ಅವಮಾನವೆಂದು ಎದ್ದು ನಿಲ್ಲುವಷ್ಟರಲ್ಲಿ, ಆ ಜನರನ್ನು ಅರಿತ ಒಬ್ಬ ಅದು ಮೈಯ ನೀರಿನ ಕಾಣಿಕೆ ಎಂದು ತಿಳಿದು ವಂದಿಸುತ್ತಾನೆ, ತಾನೂ ಉಗುಳುತ್ತಾನೆ. ಮುಂದೆ ಕಥಾನಾಯಕ ಪೌಲ್ ತಾನೇ ಕೊಂದವನಿಗಾಗಿ ಅಳುತ್ತಾನೆ. ಸತ್ತವನಿಗೆ ಕಣ್ಣೀರು ಕೊಟ್ಟನಲ್ಲ ಎಂದು ಜನ ಬೆರಗಾಗಿ ಅವನ ಕೆನ್ನೆಯನ್ನು ಮುಟ್ಟಿ ನೋಡುತ್ತಾರೆ. ಇಲ್ಲಿ ಪುಸ್ತಕ ಮುಚ್ಚಿ ಬಹಳ ಹೊತ್ತು ಅಂಗಳಕ್ಕೆ ಬೀಳುವ ನೀರನ್ನು ನೋಡುತ್ತಾ ಕುಳಿತೆ. ಒಂದು ಕಲ್ಪಿತ ಲೋಕವನ್ನು ನಾನು ನಂಬುವುದು ಹೀಗೆ. ಮೊದಲು ನೆಲದ ಲೆಕ್ಕ ಸರಿಯಿರಬೇಕು, ಆಮೇಲೆ ಆ ಲೆಕ್ಕದಿಂದ ಜನರ ರೀತಿ, ಮರ್ಯಾದೆ, ದುಃಖ ಹುಟ್ಟಬೇಕು.

ಡ್ಯೂನ್‌ನಲ್ಲಿ ಎಲ್ಲವೂ ನನಗೆ ಒಪ್ಪಿಗೆಯಿಲ್ಲ. ಖಳನಾಯಕನ ಕೆಡುಕನ್ನು ಅವನ ದಪ್ಪ ದೇಹದಲ್ಲಿ ತೋರಿಸುವುದು ಕೀಳು ಕೆಲಸ. ಕೊನೆಯ ಭಾಗ ಓಡಿಹೋಗುತ್ತದೆ, ಪೌಲನ ಮಗುವಿನ ಸಾವು ಕೆಲವೇ ಸಾಲುಗಳಲ್ಲಿ ಮುಗಿಯುತ್ತದೆ. ಹನಿ ಹನಿ ನೀರಿಗೆ ಅಷ್ಟು ಪುಟ ಕೊಟ್ಟ ಲೇಖಕ ಒಂದು ಮಗುವಿಗೆ ಒಂದು ಪುಟ ಕೊಡಬಹುದಿತ್ತು.

ನಡುವೆ ಈಚಿನ ದಪ್ಪ ಫ್ಯಾಂಟಸಿಯೊಂದನ್ನು ಹಿಡಿದು ಅರ್ಧಕ್ಕೆ ಬಿಟ್ಟೆ. ಹೆಸರು ಬೇಡ. ಏಳು ರಾಜ್ಯ, ಮೂರು ಯುದ್ಧ, ಇನ್ನೂರು ಪುಟ ದಾಟಿದರೂ ಗದ್ದೆಯಲ್ಲಿ ಬೆನ್ನು ಬಗ್ಗಿಸಿದ ಒಬ್ಬ ಮನುಷ್ಯ ಕಾಣಲಿಲ್ಲ. ಆ ಸೈನ್ಯ ಏನು ತಿನ್ನುತ್ತದೆ? ಅದೇ ವಾರ ಕೆಸರಿನಲ್ಲಿ ನಿಂತು ನಾಟಿ ಮಾಡಿ ಬಂದವನಿಗೆ ಈ ಪ್ರಶ್ನೆ ಬಿಡಲಿಲ್ಲ.

ಆಮೇಲೆ ಉರ್ಸುಲಾ ಲೆ ಗ್ವಿನ್. 1968ರಲ್ಲಿ ಬಂದ 'ಎ ವಿಝರ್ಡ್ ಆಫ್ ಅರ್ತ್‌ಸೀ' ನನಗೆ ಎಷ್ಟನೆಯ ಓದು ಎಂಬುದು ನೆನಪಿಲ್ಲ. ಮೇಕೆ ಕಾಯುವ ಹುಡುಗ ಗೆಡ್ ಮಂತ್ರವಿದ್ಯೆಗಾಗಿ ಒಗಿಯನ್ ಎಂಬ ಮೌನಿ ಗುರುವಿನ ಹಿಂದೆ ಬೆಟ್ಟ ಹತ್ತುತ್ತಾನೆ. ಆ ಗುರು ಭೂಕಂಪವನ್ನೇ ಪಳಗಿಸಿದವನು. ದಾರಿಯಲ್ಲಿ ಮಳೆ ಹಿಡಿಯುತ್ತದೆ. ಆ ದ್ವೀಪದ ಮಂತ್ರವಾದಿಗಳು ತಮ್ಮ ತಲೆಯ ಮೇಲೆ ಬಂದ ಮೋಡವನ್ನು ಪಕ್ಕದವನ ಕಡೆಗೆ ತಳ್ಳುತ್ತಾರೆ, ಅವನು ಇನ್ನೊಬ್ಬನ ಕಡೆಗೆ ತಳ್ಳುತ್ತಾನೆ, ಕೊನೆಗೆ ಆ ಬಡಪಾಯಿ ಮೋಡ ಕಡಲ ಮೇಲೆ ಹೋಗಿ ನೆಮ್ಮದಿಯಿಂದ ಸುರಿಯುತ್ತದೆ. ಒಗಿಯನ್ ಹಾಗೆ ಮಾಡುವುದಿಲ್ಲ. ಮಳೆಯನ್ನು ಅದರ ಪಾಡಿಗೆ ಬಿಟ್ಟು, ಒಂದು ದಟ್ಟ ಮರದ ಕೆಳಗೆ ಮಲಗುತ್ತಾನೆ. ಒದ್ದೆಯಾದ ಹುಡುಗನಿಗೆ ಸಿಟ್ಟು ಬರುತ್ತದೆ. ಬಳಸದ ಶಕ್ತಿ ಇದ್ದೇನು ಪ್ರಯೋಜನ ಎನ್ನುವುದು ಅವನ ಸಿಟ್ಟು. ನನಗೂ ಹದಿನೆಂಟರಲ್ಲಿ ಗೆಡ್‌ನ ಮಾತೇ ಸರಿ ಎನಿಸಿತ್ತು.

ಮುಂದೆ ವಿದ್ಯಾಲಯದಲ್ಲಿ ಗುರುವೊಬ್ಬ ಗೆಡ್‌ಗೆ ಹೇಳುವ ಮಾತಿದೆ. ಈ ದ್ವೀಪದಲ್ಲಿ ನೀನು ಸುರಿಸಿದ ಮಳೆ ಇನ್ನೊಂದು ದ್ವೀಪದ ಬರವಾಗಬಹುದು ಎನ್ನುವುದು ಅದರ ಸಾರ. ತಲಕಾವೇರಿಯ ಬುಡದಲ್ಲಿ ಹುಟ್ಟಿದವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಅಂಗಳದಲ್ಲಿ ಬಿದ್ದದ್ದು ಕೃಷ್ಣರಾಜಸಾಗರದ ಮಟ್ಟವಾಗುತ್ತದೆ, ಮಂಡ್ಯದ ಕಬ್ಬಾಗುತ್ತದೆ, ತಂಜಾವೂರಿನ ಭತ್ತವಾಗುತ್ತದೆ, ಬೀಳದ ವರ್ಷ ಜಗಳವಾಗುತ್ತದೆ. 2018ರಲ್ಲಿ ಅಣೆಕಟ್ಟು ತುಂಬಿತೆಂದು ಕೆಳಗಿನ ಊರುಗಳು ಸಂತೋಷಪಟ್ಟ ಮಳೆಗಾಲದಲ್ಲೇ ಇಲ್ಲಿ ಮಕ್ಕಂದೂರು, ಜೋಡುಪಾಲದ ಗುಡ್ಡಗಳು ಮನೆಗಳ ಮೇಲೆ ಇಳಿದವು. ಆ ಆಗಸ್ಟ್ ಕಂಡ ಮೇಲೆ ಒಗಿಯನ್ ಮರದ ಕೆಳಗೆ ಮಲಗಿದ್ದು ನನಗೆ ಸೋಮಾರಿತನವಾಗಿ ಕಂಡಿಲ್ಲ.

ಈ ತಿಂಗಳು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಲಕಿದ್ದು ಲೆ ಗ್ವಿನ್ ಅವರದೇ ಚಿಕ್ಕ ಕಾದಂಬರಿ, 'ದ ವರ್ಡ್ ಫಾರ್ ವರ್ಲ್ಡ್ ಈಸ್ ಫಾರೆಸ್ಟ್'. ಮೊದಲು ಬೆಳಕು ಕಂಡದ್ದು 1972ರಲ್ಲಿ, ವಿಯೆಟ್ನಾಂ ಯುದ್ಧದ ಮೇಲಿನ ಸಿಟ್ಟಿನಿಂದ ಹುಟ್ಟಿದ ಕಥೆ. ಭೂಮಿಯಲ್ಲಿ ಮರ ಚಿನ್ನಕ್ಕಿಂತ ದುಬಾರಿಯಾಗಿದೆ. ಹಾಗಾಗಿ ಮನುಷ್ಯರು ಇನ್ನೊಂದು ಗ್ರಹಕ್ಕೆ ಹೋಗಿ ಅಲ್ಲಿನ ಕಾಡು ಕಡಿಯುತ್ತಿದ್ದಾರೆ. ಅಲ್ಲಿನವರು ಒಂದು ಮೀಟರ್ ಎತ್ತರದ, ಹಸಿರು ತುಪ್ಪಳದ ಜನ. ಎಚ್ಚರದಲ್ಲೇ ಕನಸು ಕಾಣಬಲ್ಲವರು. ಕೊಲೆ ಎಂಬುದು ಅವರಿಗೆ ಗೊತ್ತಿರಲಿಲ್ಲ, ಕಲಿಯುತ್ತಾರೆ. ಕಲಿತ ಮೇಲೆ ಮರೆಯಲು ಬರುವುದಿಲ್ಲ. ಅವರ ಭಾಷೆಯಲ್ಲಿ ಕಾಡಿಗೂ ಲೋಕಕ್ಕೂ ಒಂದೇ ಶಬ್ದ, ಅತ್‌ಶೀ. ಮರ ಕಡಿದ ಒಂದು ದ್ವೀಪದಲ್ಲಿ ಮಣ್ಣು ಮಳೆಗೆ ಕೊಚ್ಚಿಹೋಗಿದೆ. ಕಡಿಸಿದ ಅಧಿಕಾರಿಗೆ ಅದೊಂದು ಸಣ್ಣ ತೊಡಕು ಮಾತ್ರ. ಆ ಅಧಿಕಾರಿಯ ಪಾತ್ರದಲ್ಲಿ ಕೆಡುಕಲ್ಲದೆ ಬೇರೇನೂ ಇಲ್ಲ ಎಂಬ ಟೀಕೆ ಸರಿಯೇ. ಆದರೆ ಅವನ ಮಾತಿನ ಧಾಟಿಯನ್ನು ನಾನು ಬದುಕಿನಲ್ಲಿ ಕೇಳಿದ್ದೇನೆ. ನಮ್ಮ ಪಕ್ಕದ ಗುಡ್ಡವನ್ನು ಯಂತ್ರ ತಂದು ಸಮತಟ್ಟು ಮಾಡಿದ ದಿನ ಅಲ್ಲಿ ನಿಂತಿದ್ದವರೊಬ್ಬರು, ಇಲ್ಲಿ ಸುಮ್ಮನೆ ಕಾಡು ಬಿದ್ದಿತ್ತು ಎಂದರು. ಸುಮ್ಮನೆ!

ಕಾಡು ಮತ್ತು ಲೋಕ ಒಂದೇ ಎನ್ನುವ ಶಬ್ದ ನಮ್ಮಲ್ಲಿ ಇದೆಯೇ ಎಂದು ಎರಡು ದಿನ ಹುಡುಕಿದೆ. ಸಿಕ್ಕಿದ್ದು ಬೇರೆಯದು. ವರ್ಷ ಎಂದರೆ ನಮಗೆ ಮಳೆಯೂ ಹೌದು, ಹನ್ನೆರಡು ತಿಂಗಳೂ ಹೌದು. ಕಾಲವನ್ನು ಮಳೆಯಿಂದ ಎಣಿಸಿದ ಜನ ನಾವು. ಇದನ್ನು ಒಬ್ಬ ಅನ್ಯಗ್ರಹದ ಭಾಷಾಶಾಸ್ತ್ರಜ್ಞ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡಂತೆ ಕಲ್ಪಿಸಿಕೊಂಡಾಗ ನನ್ನ ಭಾಷೆಯೇ ನನಗೆ ಹೊಸದಾಗಿ ಕಂಡಿತು. ಫ್ಯಾಂಟಸಿಯನ್ನು ಮಕ್ಕಳ ಓದು, ಪಲಾಯನದ ಓದು ಎನ್ನುವ ಸ್ನೇಹಿತರಿಗೆ ನಾನು ಹೇಳಬೇಕಾದದ್ದು ಇದನ್ನೇ. ನಾನು ಎಲ್ಲಿಗೂ ಓಡಿಹೋಗಲಿಲ್ಲ. ಇಪ್ಪತ್ತು ಖರ್ಜೂರದ ಮರಗಳ ಮುಂದೆ ನಿಂತು ನನ್ನ ಮನೆಯ ಮಳೆಯ ಪುಸ್ತಕವನ್ನು ಮೊದಲ ಸಲ ಸರಿಯಾಗಿ ಓದಿದೆ.

'ದ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' ಬಗ್ಗೆ ಹಿಂದೊಮ್ಮೆ ಬರೆದಿದ್ದರಿಂದ ಇಲ್ಲಿ ಎರಡೇ ಮಾತು. ಹೆಣ್ಣು ಗಂಡು ಎಂಬ ಭೇದವಿಲ್ಲದ ಜನರ ಹಿಮದ ಲೋಕ, 1969ರ ಕೃತಿ. ಇಬ್ಬರು ಜಾರುಬಂಡಿ ಎಳೆಯುತ್ತಾ, ಆಹಾರವನ್ನು ದಿನದಿನಕ್ಕೂ ತೂಗಿ ಹಂಚಿಕೊಳ್ಳುತ್ತಾ ಹಿಮದ ಬಯಲು ದಾಟುವ ಭಾಗವನ್ನಷ್ಟೇ ಮತ್ತೆ ಓದಿದೆ. ಸ್ನೇಹದ ಬಗ್ಗೆ ಇದಕ್ಕಿಂತ ಒಳ್ಳೆಯ ಬರವಣಿಗೆಯನ್ನು ನಾನು ಓದಿಲ್ಲ.

ಕನ್ನಡದಲ್ಲಿ ಇಂಥದ್ದು ಎಲ್ಲಿದೆ ಎಂದು ಕಳೆದ ತಿಂಗಳು ಕೆಲವರು ಕೇಳಿದ್ದಿರಿ. ರಾಜಶೇಖರ ಭೂಸನೂರಮಠರನ್ನು ಓದಿ. ಮತ್ತೆ, ತೇಜಸ್ವಿಯವರ 'ಕರ್ವಾಲೊ'ವನ್ನು ಈ ಕಣ್ಣಿನಿಂದ ಇನ್ನೊಮ್ಮೆ ಓದಿ. 1980ರ ಆ ಕಾದಂಬರಿಯ ಮೇಲೆ ವೈಜ್ಞಾನಿಕ ಕಾದಂಬರಿ ಎಂಬ ಚೀಟಿಯನ್ನು ಯಾರೂ ಅಂಟಿಸುವುದಿಲ್ಲ, ನಾನೂ ಅಂಟಿಸುವುದಿಲ್ಲ. ಆದರೆ ಹಾರುವ ಓತಿಯನ್ನು ಹುಡುಕಿ ಹೊರಟ ಆ ಗುಂಪು ಅದು ಕಣಿವೆಯ ಕಡೆಗೆ ತೇಲಿಹೋಗುವುದನ್ನು ನೋಡುತ್ತಾ ನಿಲ್ಲುವಾಗ ಆಗುವ ಬೆರಗು, ಬೇರೆ ಗ್ರಹದ ಮೇಲೆ ಇಳಿದವರ ಬೆರಗೇ.

ಕೊಡಗಿನಿಂದಲೂ ಒಂದು ಬರಲಿ ಎಂಬ ಆಸೆ ನನಗೆ ಬಲವಾಗಿದೆ. 1,200ಕ್ಕೂ ಹೆಚ್ಚು ದೇವರಕಾಡುಗಳಿರುವ ಜಿಲ್ಲೆ ಇದು, ಒಣ ಕಡ್ಡಿಯನ್ನೂ ಹೊರಗೆ ತರಬಾರದೆಂಬ ಕಟ್ಟಳೆ ಇದ್ದ ಕಾಡುಗಳು. ಅಯ್ಯಪ್ಪನಿಗೆ ಹರಕೆ ಒಪ್ಪಿಸಿದ ಮಣ್ಣಿನ ನಾಯಿಗಳು ಮರದ ಬುಡದಲ್ಲಿ ಸಾಲಾಗಿ, ಪಾಚಿ ಹಿಡಿದು ಕುಳಿತಿರುತ್ತವೆ. ಚಿಕ್ಕಂದಿನಲ್ಲಿ ಅವು ಮಳೆಗಾಲದ ರಾತ್ರಿ ಎದ್ದು ಕಾಡಿನ ಗಡಿ ಸುತ್ತುತ್ತವೆ ಎಂದು ನಾನು ನಂಬಿದ್ದೆ. ಆಟಿ ಹದಿನೆಂಟರಂದು ಮದ್ದುಸೊಪ್ಪಿನ ಪಾಯಸ ಉಂಡಾಗ ನಾಲಿಗೆ ನೇರಳೆಯಾಗುತ್ತದೆ. ಹದಿನೆಂಟು ಬಗೆಯ ಔಷಧಿ ಒಂದೇ ದಿನ ಆ ಒಂದು ಗಿಡಕ್ಕೆ ಇಳಿಯುತ್ತದೆ ಎನ್ನುತ್ತಾರೆ ನಮ್ಮ ಹಿರಿಯರು. ಬರೆಯುವ ಕೈಯಿರುವ ಹುಡುಗ ಹುಡುಗಿಯರು ಇದನ್ನು ಓದುತ್ತಿದ್ದರೆ, ಹೊರಗಿನ ಕೋಟೆ ಕೊತ್ತಲ ಬಿಟ್ಟು ಆ ನಾಯಿಗಳ ಪಕ್ಕ ಒಂದು ಸಂಜೆ ಕುಳಿತು ನೋಡಿ. ಬರೆದದ್ದನ್ನು ನನಗೆ ಕಳುಹಿಸಿದರೆ ಪ್ರೀತಿಯಿಂದ ಓದುತ್ತೇನೆ.

ಮುಂದಿನ ತಿಂಗಳಿಗೆ ಮೇರಿ ಶೆಲ್ಲಿಯ 'ಫ್ರಾಂಕೆನ್‌ಸ್ಟೈನ್' ತೆಗೆದಿಟ್ಟಿದ್ದೇನೆ. 1815ರಲ್ಲಿ ತಂಬೋರಾ ಜ್ವಾಲಾಮುಖಿ ಸಿಡಿದು, ಮರುವರ್ಷ ಯುರೋಪಿಗೆ ಬೇಸಿಗೆಯೇ ಬರಲಿಲ್ಲ. ಜಿನೀವಾ ಸರೋವರದ ದಡದಲ್ಲಿ ಮಳೆಗೆ ಸಿಕ್ಕಿ ಮನೆಯೊಳಗೇ ಕುಳಿತ ಹದಿನೆಂಟರ ಹುಡುಗಿ ಆರಂಭಿಸಿದ ಕಥೆ ಅದು, 1818ರಲ್ಲಿ ಪುಸ್ತಕವಾಯಿತು. ನಮ್ಮ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಹೊತ್ತಿಗೆ ಓದಿ ಮುಗಿಸುವ ಆಲೋಚನೆ. ಜೊತೆಗೆ ಓದುವವರಿದ್ದರೆ ತಿಳಿಸಿ, ಒಟ್ಟಿಗೆ ಹೋಗೋಣ.